ಜಾವಾಗೆ ಇರ್ನಿಲ್ಲ, ಬುಲೆಟ್‌ಗೆ ಇತ್ತು: ಕ್ಯಾಮ್‌ಶಾಫ್ಟಿನ ಕತೆ

ಮೈಸೂರಲ್ಲೇ ಹುಟ್ಟಿದ ಜಾವಾ ಗಾಡಿಗೆ ಕ್ಯಾಮ್‌ಶಾಫ್ಟೇ ಇರ್ನಿಲ್ಲ. ಮದ್ರಾಸಿಂದ ಬರ್ತಿದ್ದ ಬುಲೆಟ್‌ಗೆ ಇತ್ತು. ನಮ್ಮ ಹ್ಯಾಂಡ್‌ಪೋಸ್ಟ್ ಸರ್ಕಲ್ಲಲ್ಲಿ ಎರಡೂ ಗಾಡಿ ಅಕ್ಕಪಕ್ಕ ನಿಂತಿರೋದ ನೋಡ್ಕಂಡೇ ನಾವೆಲ್ಲ ಬೆಳ್ದೋ. ಒಳಗೆ ಅಡಿಗೆ ಮಾಡ್ತಾ ಇದ್ರೂ ರಸ್ತೇಲಿ ಹೋದದ್ದು ಯಾವ ಗಾಡಿ ಅಂತ ಸದ್ದಲ್ಲೇ ಹೇಳ್ತಿದ್ದೋ. ಆದ್ರೆ ಆ ಸದ್ದು ಬೇರೆ ಬೇರೆ ಯಾಕೆ ಅಂತ ನಮ್ಗೆ ಯಾರೂ ಹೇಳ್ನಿಲ್ಲ, ನಾವೂ ಕೇಳ್ನಿಲ್ಲ. ಅದು ಗಂಡಸ್ರ ವಿಷ್ಯ ಅಂದ್ಕಂಡು ಸುಮ್ನಾದೋ. ಹಂಗೇನಿಲ್ಲ ಅಕ್ಕಂದಿರಾ. ಇದು ನಮ್ಮ ಅಡಿಗೆ ಮನೆ, ಹೊಲಿಗೆ ಮಿಷಿನ್ನು, ಪಂಪ್‌ಸೆಟ್ಟು ಎಲ್ಲಕ್ಕೂ ನೆಂಟಸ್ತಿಕೆ ಇರೋ ವಿಷ್ಯ. ದುಡ್ಡಿನ ವಿಷ್ಯವೂ ಹೌದು, ಜೀವದ ವಿಷ್ಯವೂ ಹೌದು. ಅದ್ಕೆ ಇವತ್ತು ಬರೀತಾ ಇದ್ದೀನಿ.

ಮನೇಲೇ ಇರೋ ಕ್ಯಾಮ್

ನಿಮ್ಮ ಮನೆ ಹಳೇ ಹೊಲಿಗೆ ಮಿಷಿನ್ನಿನ ಚಕ್ರವ ಕೈಲಿ ಮೆಲ್ಲಗೆ ತಿರುಗ್ಸಿ. ಚಕ್ರ ಸುತ್ತೋದು ಗುಂಡಗೆ, ಒಂದೇ ಸಮ. ಆದ್ರೆ ಮುಂದ್ಗಡೆ ದಾರ ಎಳೆಯೋ ಕಡ್ಡಿ ಮಾತ್ರ ಮೇಲಕ್ಕೂ ಕೆಳಕ್ಕೂ ಆಡ್ತದೆ. ಅದೂ ಒಂದೇ ಸಮ ಅಲ್ಲ: ಸೂಜಿ ಇಳಿಯುವಾಗ ನಿಧಾನವಾಗಿ ಇಳ್ದು ದಾರ ಬಿಡ್ತದೆ, ಕೆಳಗೆ ಗಂಟು ಬೀಳ್ತಿದ್ದಂಗೆ ಬಿರ್ರನೆ ಮೇಲಕ್ಕೆ ಎದ್ದು ದಾರ ಎಳ್ಕತದೆ. ಇದನ್ನ ಮಾಡ್ಸೋದು ಒಳಗಿರೋ ಒಂದು ಉರುಳೆ. ಅದರ ಮೈಮೇಲೆ ಡೊಂಕಾಗಿ ಕೊರೆದ ಒಂದು ಗಾಡಿ ಇರ್ತದೆ, ಕಡ್ಡಿಯ ಬುಡ ಆ ಗಾಡೀಲಿ ಓಡಾಡ್ತದೆ. ಅದೇ ಕ್ಯಾಮ್. ಸುತ್ತೋ ಕೆಲ್ಸವ ಎತ್ತಿ ಇಳಿಸೋ ಕೆಲ್ಸವಾಗಿ ಮಾಡೋದು, ಅದೂ ಯಾವಾಗ ಎತ್ಬೇಕು, ಎಷ್ಟು ಹೊತ್ತು ಹಿಡ್ಕಬೇಕು, ಯಾವಾಗ ಬಿಡ್ಬೇಕು ಅಂತ ಮೊದ್ಲೇ ಆಕಾರದಲ್ಲೇ ಬರೆದಿಟ್ಟಿರೋದು. ಆ ಗಾಡಿ ವಸಿ ಸವೆದ್ರೂ ಹೊಲಿಗೆ ಕೆಡ್ತದೆ ಅನ್ನೋದು ನಿಮ್ಗೇ ಗೊತ್ತು.

ಈ ಉಪಾಯ ಇಂಜಿನ್ನಿಗಿಂತ ಬಾಳ ಹಳೇದು. ಸುಮಾರು 2000 ವರ್ಷದ ಹಿಂದೆಯೇ ಚೀನಾದಲ್ಲಿ ನೀರಿನ ಚಕ್ರದ ಅಚ್ಚಿಗೆ ಗೂಟ ಹೊಡೆದು, ಆ ಗೂಟ ಸುತ್ತಿ ಬಂದು ಒನಕೆಯ ಬಾಲವ ಅದುಮೋ ಹಂಗೆ ಮಾಡಿ ಭತ್ತ ಕುಟ್ಟಿಸ್ತಿದ್ರು. ಗೂಟ ತಪ್ಪಿದ ಕೂಡ್ಲೆ ಒನಕೆ ದಡಕ್ಕನೆ ಬೀಳ್ತಿತ್ತು. ನಮ್ಮ ಅಜ್ಜಿಯರು ಕೈಲಿ ಕುಟ್ಟಿದ್ದನ್ನ ಅಲ್ಲಿ ಹೊಳೆ ನೀರು ಕುಟ್ತಿತ್ತು. ಆಮೇಲೆ 1206ರಲ್ಲಿ ಅಲ್ ಜಜರಿ ಅನ್ನೋ ಕುಶಲಿ ತನ್ನ ಯಂತ್ರಗಳ ಪುಸ್ತಕದಲ್ಲಿ ಒಂದೇ ಅಚ್ಚಿಗೆ ಹಲವು ಗೂಟ ಜೋಡಿಸಿ ಹಲವು ಕೆಲ್ಸ ಸರದಿ ಪ್ರಕಾರ ಮಾಡ್ಸೋದನ್ನ ಬರೆದಿಟ್ಟ. ಅಚ್ಚು ಒಂದು, ಗೂಟ ಹಲವು, ಒಂದೊಂದಕ್ಕೂ ಒಂದೊಂದು ವೇಳೆ. ಕ್ಯಾಮ್‌ಶಾಫ್ಟ್ ಅಂದ್ರೆ ಇಷ್ಟೇ.

ಇಂಜಿನ್ ಉಸಿರಾಡೋದು

ಜರ್ಮನಿಯ ನಿಕೊಲಸ್ ಓಟೋ 1876ರಲ್ಲಿ ನಾಲ್ಕು ಹೆಜ್ಜೆಯ ಇಂಜಿನ್ ಓಡಿಸಿ ತೋರ್ಸಿದ. ಪಿಸ್ಟನ್ ಕೆಳಗಿಳಿದು ಗಾಳಿ ಜತೆ ಪೆಟ್ರೋಲು ಎಳ್ಕೊಳ್ಳೋದು ಒಂದು, ಮೇಲೇರಿ ಅದ ಒತ್ತೋದು ಎರಡು, ಹೊತ್ತಿ ಉರಿದ ರಭಸಕ್ಕೆ ಕೆಳಗೆ ತಳ್ಳಿಸ್ಕೊಳ್ಳೋದು ಮೂರು, ಮತ್ತೆ ಮೇಲೇರಿ ಹೊಗೆ ಆಚೆ ನೂಕೋದು ನಾಲ್ಕು. ನಾಲ್ಕು ಹೆಜ್ಜೆಗೆ ಕ್ರ್ಯಾಂಕು ಎರಡು ಸುತ್ತು ಸುತ್ತತದೆ. ಒಳಗೆ ಬಿಡೋ ಬಾಗ್ಲು ಒಂದು, ಆಚೆ ಕಳ್ಸೋ ಬಾಗ್ಲು ಒಂದು. ಈ ಬಾಗಿಲಿಗೇ ವಾಲ್ವ್ ಅನ್ನೋದು. ಎರಡು ಸುತ್ತಲ್ಲಿ ಒಂದೊಂದು ಬಾಗ್ಲೂ ಒಂದೊಂದ್ಸಲ ಮಾತ್ರ ತೆಗೀಬೇಕು. ಅದ್ಕೆ ಕ್ರ್ಯಾಂಕು ಎರಡು ಸುತ್ತು ಸುತ್ತಿದ್ರೆ ಕ್ಯಾಮ್ ಒಂದೇ ಸುತ್ತು ಸುತ್ತೋ ಹಂಗೆ ಹಲ್ಲಿನ ಚಕ್ರ ಜೋಡಿಸ್ತಾರೆ.

ಮೊದಮೊದ್ಲು ಬಂದ ಎಷ್ಟೋ ಮೋಟಾರ್ ಗಾಡಿಗಳಲ್ಲಿ ಒಳಗೆ ಬಿಡೋ ಬಾಗಿಲಿಗೆ ಕ್ಯಾಮೇ ಇರ್ನಿಲ್ಲ. ಮೆತ್ತನೆ ಸ್ಪ್ರಿಂಗ್ ಇಟ್ಟು ಬಿಟ್ಟಿರೋರು, ಪಿಸ್ಟನ್ ಎಳೆದ ರಭಸಕ್ಕೆ ಬಾಗ್ಲು ತಾನೇ ತೆರ್ಕತಿತ್ತು. ನಿಧಾನಕ್ಕೆ ಓಡೋ ತನಕ ಸರಿಯಿತ್ತು. ಜೋರು ಮಾಡಿದ್ರೆ ಬಾಗಿಲಿಗೆ ತೆರೆಯೋಕೂ ಪುರುಸೊತ್ತಿಲ್ಲ, ಮುಚ್ಚೋಕೂ ಪುರುಸೊತ್ತಿಲ್ಲ. ಆಗ ಎರಡು ಬಾಗಿಲಿಗೂ ಕ್ಯಾಮ್ ಬಂತು. ಬಾಗ್ಲು ತೆರೆಯೋ ವೇಳೆಯ ಮನುಷ್ಯ ತಾನೇ ಗೊತ್ತು ಮಾಡೋಕೆ ಶುರು ಮಾಡಿದ್ದು ಅವಾಗ್ಲಿಂದ.

ಗೊತ್ತು ಮಾಡೋದು ಅಂದ್ರೆ ಹೆಂಗೆ? ನಮ್ಮ ಹಳೇ ಸೌದೆ ಒಲೆ ಅಡಿಗೆ ಮನೆ ನೆನೆಸ್ಕಳಿ. ಮೇಲೆ ಬೆಳಕಿಂಡಿ, ಹಿಂದ್ಗಡೆ ಬಾಗ್ಲು. ಬೆಳಕಿಂಡೀಲಿ ಹೊಗೆ ರಭಸವಾಗಿ ಹೋಗ್ತಾ ಇರುವಾಗ್ಲೇ ಬಾಗ್ಲು ವಸಿ ತೆರೆದ್ರೆ, ಹೋಗೋ ಹೊಗೆಯೇ ಹೊಸ ಗಾಳಿಯ ಒಳಕ್ಕೆ ಎಳ್ಕಂಡು ಬರ್ತದೆ. ಅದೇ ಹೊಗೆಗೆ ಓಟವೇ ಇಲ್ದಿರುವಾಗ ಎರಡೂ ತೆರೆದಿಟ್ರೆ ಹೊಗೆ ತಿರುಗಿ ಮನೆ ಒಳಕ್ಕೇ ನುಗ್ತದೆ. ಇಂಜಿನ್ನಲ್ಲೂ ಹಿಂಗೇಯ. ಆಚೆ ಬಾಗ್ಲು ಪೂರ್ತಿ ಮುಚ್ಚೋಕೆ ಮುಂಚೇನೇ ಒಳ ಬಾಗ್ಲು ತೆರೀತಾರೆ. ಎರಡೂ ತೆರೆದಿರೋ ಆ ಗಳಿಗೆಗೆ ಓವರ್‌ಲ್ಯಾಪ್ ಅಂತಾರೆ. ಜೋರಾಗಿ ಓಡೋ ಇಂಜಿನ್ನಿಗೆ ಅದು ಜಾಸ್ತಿ ಇದ್ರೆ ಲಾಭ, ನಿಧಾನಕ್ಕೆ ಓಡೋ ಇಂಜಿನ್ನಿಗೆ ಕಮ್ಮಿ ಇದ್ರೆ ಲಾಭ.

ಬಾಗ್ಲು ಎಷ್ಟು ಹೊತ್ತು ತೆರೆದಿರಬೇಕು ಅನ್ನೋದನ್ನ ಡಿಗ್ರಿ ಲೆಕ್ಕದಲ್ಲಿ ಹೇಳ್ತಾರೆ. ಉದಾಹರಣೆಗೆ, ಪಿಸ್ಟನ್ ತುದಿ ಮುಟ್ಟೋಕೆ 30 ಡಿಗ್ರಿ ಮುಂಚೆ ತೆರೆದು, ಕೆಳಕ್ಕೆ ಬಂದು 60 ಡಿಗ್ರಿ ದಾಟಿದ ಮೇಲೆ ಮುಚ್ಚಿದ್ರೆ, 30ಕ್ಕೆ 180 ಸೇರ್ಸಿ ಅದ್ಕೆ 60 ಸೇರ್ಸಿ ಒಟ್ಟು 270 ಡಿಗ್ರಿ. ಅಂಗಡಿಯವರು ಕ್ಯಾಮ್ ತೋರಿಸಿ 'ಇದು ಇಷ್ಟು ಡಿಗ್ರಿದು' ಅನ್ನೋದು ಈ ಲೆಕ್ಕವನ್ನೇ. ಬಾಗ್ಲು ಎಷ್ಟು ಎತ್ತರ ಏಳ್ತದೆ ಅನ್ನೋದು ಇನ್ನೊಂದು ಲೆಕ್ಕ. ಅದ್ಕೆ ಲಿಫ್ಟ್ ಅಂತಾರೆ.

ಹೊಲದ ಇಂಜಿನ್ನು

ನಮ್ಮೂರ ಕಡೆ ಹೆಣ್ಮಕ್ಳು ಕ್ಯಾಮಿನ ಕೆಲ್ಸ ಹತ್ರದಿಂದ ನೋಡಿದ್ದು ಗಾಡೀಲಿ ಅಲ್ಲ, ಹೊಲದ ಡೀಸೆಲ್ ಪಂಪಲ್ಲಿ. ಬೆಳಗಾವಿ ಕಡೆ ಗುರ್ಲಹೊಸೂರಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವ್ರು ಕಬ್ಬಿಣದ ನೇಗಿಲಿಂದ ಹೆಸ್ರು ಮಾಡಿದ್ರು. ಅವರ ಮನೆತನದ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯ್ತು. ಆಮೇಲೆ ಆ ಹೆಸ್ರು ಹೊಲ ಹೊಲಕ್ಕೂ ಬಂತು. ಹ್ಯಾಂಡ್ಲು ಹಾಕಿ ತಿರುಗ್ಸುವಾಗ ಮೇಲಿರೋ ಒಂದು ಸಣ್ಣ ಲಿವರ್ ಎತ್ತಿ ಹಿಡೀತಿದ್ರಲ್ಲ, ಅದು ವಾಲ್ವ್ ಮುಚ್ಚದಂಗೆ ತಡೆಯೋದು. ಬಾಗ್ಲು ತೆರೆದಿದ್ರೆ ಒಳಗೆ ಒತ್ತಡ ಇಲ್ಲ, ಸಲೀಸಾಗಿ ಸುತ್ತತದೆ. ಸುತ್ತು ಜೋರಾದ್ಮೇಲೆ ಲಿವರ್ ಬಿಟ್ರೆ ಡಗ್ ಅಂತ ಹಿಡ್ಕತದೆ. ಬಾಗ್ಲು ಸರಿಯಾದ ಹೊತ್ನಲ್ಲಿ ಮುಚ್ಚಿದ್ರೇ ಇಂಜಿನ್ನಿಗೆ ಜೀವ ಅನ್ನೋದು ಅಲ್ಲೇ ಕಾಣ್ತಿತ್ತು. ಆ ಇಂಜಿನ್ನಿಗೆ ರೇಸ್ ಕ್ಯಾಮ್ ಯಾರೂ ಹಾಕ್ನಿಲ್ಲ. ಅದರ ಕೆಲ್ಸ ಬೆಳಗಿಂದ ಸಂಜೆ ತನಕ ಒಂದೇ ಸಮ ನೀರೆತ್ತೋದು. ಕೆಲ್ಸ ನೋಡಿ ಕ್ಯಾಮ್ ಮಾಡಿದ್ರು.

ಮೈಸೂರಿನ ಜಾವಾ

ಈಗ ಜಾವಾ ವಿಷ್ಯಕ್ಕೆ ಬರೋಣ. ಚೆಕ್ ದೇಶದ ಯಾನೆಚೆಕ್ ಅನ್ನೋರು 1929ರಲ್ಲಿ ವಾಂಡರರ್ ಅನ್ನೋ ಜರ್ಮನ್ ಕಂಪನಿಯ ಬೈಕ್ ವಿಭಾಗವ ಕೊಂಡ್ಕಂಡು, ತಮ್ಮ ಹೆಸ್ರಿನ ಮೊದ್ಲ ಅಕ್ಷರಗಳನ್ನೂ ಅದರ ಮೊದ್ಲ ಅಕ್ಷರಗಳನ್ನೂ ಸೇರ್ಸಿ ಜಾವಾ ಅಂತ ಹೆಸರಿಟ್ರು. ಅದನ್ನ ಮೈಸೂರಿಗೆ ತಂದೋರು ರುಸ್ತುಂ ಇರಾನಿ, ಫಾರೂಕ್ ಇರಾನಿ. ಐಡಿಯಲ್ ಜಾವಾ ಕಂಪನಿ 1960ರಲ್ಲಿ ಹುಟ್ಟಿ, ಯಾದವಗಿರಿ ಫ್ಯಾಕ್ಟ್ರಿಗೆ ಜಯಚಾಮರಾಜ ಒಡೆಯರ್ ಅವ್ರೇ ಬಂದು ಚಾಲನೆ ಕೊಟ್ರು. 1973ರಿಂದ ಗಾಡಿಗೆ ಎಜ್ಡಿ ಅಂತ ಹೆಸ್ರು ಬಂತು. ಅದು ಇರಾನಿನ ಯಜ್ದ್ ಪಟ್ಣದ ನೆನಪು. ರೋಡ್‌ಕಿಂಗ್ ಬಂದಿದ್ದು 1978ರಲ್ಲಿ. ನಮ್ಮ ಕಡೆಯಿಂದ ಎಷ್ಟೋ ಮನೆಯ ಮಕ್ಳು ಬಸ್ ಹತ್ತಿ ಮೈಸೂರಿಗೆ ಕೆಲ್ಸಕ್ಕೆ ಹೋಗೋ ಕಾಲದಲ್ಲಿ 'ಜಾವಾ ಫ್ಯಾಕ್ಟ್ರೀಲಿ ಕೆಲ್ಸ' ಅಂದ್ರೆ ಹೆಣ್ಣು ಕೊಡೋಕೆ ಮುಂದೆ ಬರೋರು.

ಕಿಕ್ ಹೊಡೆಯೋ ಲಿವರ್ರೇ ಗೇರ್ ಲಿವರ್ರೂ ಆಗಿದ್ದು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇದ್ದದ್ದು ನಿಮ್ಗೂ ನೆನಪಿರ್ಬೇಕು. ಆ 250 ಇಂಜಿನ್ನಿನ ಬೋರು 65 ಮಿಲಿಮೀಟರ್, ಸ್ಟ್ರೋಕು 75. ಬೋರು ಅಂದ್ರೆ ಸಿಲಿಂಡರಿನ ಅಗಲ, ಸ್ಟ್ರೋಕು ಅಂದ್ರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡೋ ದೂರ. ಅದು ಎರಡೇ ಹೆಜ್ಜೆಯ ಇಂಜಿನ್ನು. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೇಲೇ ಕಿಂಡಿ ಕೊರೆದಿರ್ತಾರೆ. ಪಿಸ್ಟನ್ ಮೇಲೆ ಕೆಳಗೆ ಓಡಾಡ್ತಾ ತಾನೇ ಕಿಂಡಿ ಮುಚ್ಚತದೆ, ತಾನೇ ತೆರೀತದೆ. ಬಾಗ್ಲಿಗೆ ಬೇರೆ ಆಳು ಬೇಕಾಗಿಲ್ಲ. ಪ್ರತಿ ಸುತ್ತಿಗೂ ಒಂದ್ಸಲ ಉರೀತದೆ. ಬುಲೆಟ್ಟಲ್ಲಿ ಉರಿಯೋದು ಎರಡು ಸುತ್ತಿಗೆ ಒಂದ್ಸಲ. ಅದ್ಕೇನೇ ಜಾವಾ ಸದ್ದು ಒತ್ತೊತ್ತಾಗಿ, ಬುಲೆಟ್ ಸದ್ದು ಬಿಡಿ ಬಿಡಿಯಾಗಿ ಕೇಳ್ತಿದ್ದುದು.

ಆದ್ರೆ ಜಾವಾಗೂ ವೇಳೆ ಅನ್ನೋದು ಇತ್ತು. ಅದು ಕಿಂಡಿಯ ಎತ್ತರದಲ್ಲಿತ್ತು. ಮದ್ರಾಸ್ ಹತ್ರ ಶೋಲಾವರಂ ರೇಸಿಗೆ ಗಾಡಿ ತಯಾರು ಮಾಡೋರು ಅರದಲ್ಲಿ ಉಜ್ಜಿ ಕಿಂಡಿಯ ವಸಿ ಮೇಲಕ್ಕೆ ಎತ್ತೋರು. ಎತ್ತಿದ್ರೆ ಮೇಲಿನ ಓಟದಲ್ಲಿ ಗಾಡಿ ಹಾರ್ತದೆ, ಕೆಳಗಿನ ನಿಧಾನದಲ್ಲಿ ಎಳೆತ ಹೋಗ್ತದೆ. ಒಮ್ಮೆ ಉಜ್ಜಿದ್ರೆ ಉಜ್ಜಿದ್ದೇ. ಸಾರಿಗೆ ಉಪ್ಪು ಬಿದ್ದಂಗೆ, ತಿರುಗಿ ತೆಗೆಯೋಕಾಗಲ್ಲ. ಕ್ಯಾಮ್ ಇರೋ ಗಾಡೀಲಾದ್ರೆ ಸರಿಬರದಿದ್ರೆ ಬಿಚ್ಚಿ ಬೇರೆ ಹಾಕ್ಬೋದು.

ಜಾವಾದ ಇನ್ನೊಂದು ತೊಂದ್ರೆ ಅಂದ್ರೆ, ಎರಡೂ ಕಿಂಡಿ ಒಟ್ಟಿಗೇ ತೆರೆದಿರೋವಾಗ ಉರೀದೆ ಇರೋ ಪೆಟ್ರೋಲೂ ವಸಿ ಹೊಗೆ ಜತೆ ಆಚೆ ಹೋಗೋದು. ಪೆಟ್ರೋಲಿಗೆ ಎಣ್ಣೆ ಬೇರೆ ಕಲಸ್ಬೇಕು, ಆ ಎಣ್ಣೆ ಸುಟ್ಟು ನೀಲಿ ಹೊಗೆ. ಕಮ್ಮಿ ಪೆಟ್ರೋಲು ಕುಡಿಯೋ ನೂರು ಸಿ.ಸಿ. ಗಾಡಿಗಳು ಬಂದ್ವು, ಹೊಗೆ ಕಾನೂನು ಬಿಗಿಯಾಯ್ತು. 1996ರಲ್ಲಿ ಯಾದವಗಿರಿ ಫ್ಯಾಕ್ಟ್ರಿ ಬಾಗ್ಲು ಮುಚ್ತು. ಅವತ್ತು ಕೆಲ್ಸ ಕಳ್ಕಂಡ ಮನೆಗಳ ಕಷ್ಟವ ಮೈಸೂರಿನ ಹೆಣ್ಮಕ್ಳ ಕೇಳ್ಬೇಕು.

ಮದ್ರಾಸಿನ ಬುಲೆಟ್ಟು

ಬುಲೆಟ್ ಮಾಡೋ ಎನ್‌ಫೀಲ್ಡ್ ಇಂಡಿಯಾ ಮದ್ರಾಸಲ್ಲಿ ಶುರುವಾಗಿದ್ದು 1955ರಲ್ಲಿ. 350 ಬುಲೆಟ್ಟಿನ ಬೋರು 70 ಮಿಲಿಮೀಟರ್, ಸ್ಟ್ರೋಕು 90. ಅಗಲಕ್ಕಿಂತ ಉದ್ದ ಜಾಸ್ತಿ. ಅದ್ಕೆ ಎಂಜಿನ್ನು ಮೆಲ್ಲಗೆ, ಗಟ್ಟಿಯಾಗಿ ಎಳೀತಿತ್ತು. ಹಳೇ ಬುಲೆಟ್ಟಲ್ಲಿ ಕ್ಯಾಮ್ ಅನ್ನೋದು ಉದ್ದನೆ ಅಚ್ಚೂ ಅಲ್ಲ. ಒಳಗೆ ಬಿಡೋಕೆ ಒಂದು ಕ್ಯಾಮ್ ಚಕ್ರ, ಆಚೆ ಕಳ್ಸೋಕೆ ಒಂದು ಕ್ಯಾಮ್ ಚಕ್ರ. ಚಕ್ರದ ಮೇಲೆ ಚುಕ್ಕೆ ಇರ್ತದೆ, ಚುಕ್ಕೆಗೆ ಚುಕ್ಕೆ ಕೂಡ್ಸಿ ಜೋಡಿಸ್ತಾರೆ. ರಂಗೋಲಿ ಚುಕ್ಕೆ ಒಂದು ತಪ್ಪಿದ್ರೆ ಎಲ್ಲ ಎಳೆ ತಪ್ಪೋ ಹಂಗೆ, ಒಂದು ಹಲ್ಲು ಆಚೀಚೆ ಆದ್ರೆ ಗಾಡಿ ಸ್ಟಾರ್ಟೇ ಆಗಲ್ಲ, ಆದ್ರೂ ಕೆಮ್ತಾ ಓಡ್ತದೆ.

ಆ ಕಂಪನಿಯೋರು ಗಾಡಿ ದೊಡ್ಡದು ಮಾಡುವಾಗ ಏನ್ ಮಾಡಿದ್ರು ನೋಡಿ. 500 ಬುಲೆಟ್ಟಿಗೆ ಸ್ಟ್ರೋಕು ಅದೇ 90 ಇಟ್ಟು ಬೋರು 84 ಮಾಡಿದ್ರು. 535 ಇಂಜಿನ್ನಿಗೂ ಸ್ಟ್ರೋಕು 90, ಬೋರು 87. ಅಂದ್ರೆ ಅಗಲ ಮಾಡಿದ್ರು, ಉದ್ದ ಮಾಡ್ನಿಲ್ಲ. 2020ರಲ್ಲಿ ಬಂದ ಹೊಸ 350ಕ್ಕೆ ಬೋರು 72, ಸ್ಟ್ರೋಕು 85.8, ಕ್ಯಾಮ್ ಮೇಲಕ್ಕೆ ಹೋಗಿ ಹೆಡ್ಡಲ್ಲಿ ಕೂತ್ಕತು. ಸ್ಟ್ರೋಕು ಉದ್ದ ಮಾಡೋದು ಅಗ್ಗದ ಕೆಲ್ಸ ಅಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ಸ್ಟ್ರೋಕು ಉದ್ದ ಮಾಡ್ಸಿದ್ಮೇಲೆ ಯಾವ ಕ್ಯಾಮ್?

ನಮ್ಮ ಓರಗಿತ್ತಿ ಮಗ ಅವರ ತಾತನ 350 ಬುಲೆಟ್ಟಿನ ಇಂಜಿನ್ ಬಿಚ್ಚಿ ಸ್ಟ್ರೋಕು ಉದ್ದ ಮಾಡ್ಸವ್ನೆ. ದುಡ್ಡು ಅವರವ್ವ ಶುಂಠಿ ಮಾರಿದ್ದು. ಹಿಂದಿನ ಸೀಟಲ್ಲಿ ಕೂರೋರೂ ಅವರೇ. ಈಗ ಕ್ಯಾಮ್ ಆರಿಸೋದು ಬಾಕಿ. 'ರೇಸ್ ಕ್ಯಾಮ್ ಹಾಕಿದ್ರೆ ಹಾರ್ತದೆ ದೊಡ್ಡವ್ವ' ಅಂತಾನೆ. ಇಂಥ ಹೈದ್ರು ನಿಮ್ಮ ಮನೆಗಳಲ್ಲೂ ಇರ್ತಾರೆ, ಅದ್ಕೆ ಲೆಕ್ಕವ ಬಿಡಿಸಿ ಹೇಳ್ತೀನಿ.

ಕ್ರ್ಯಾಂಕ್ ಪಿನ್ನನ್ನ ನಡುವಿಂದ 5 ಮಿಲಿಮೀಟರ್ ಆಚೆ ಸರಿಸಿದ್ರೆ ಸ್ಟ್ರೋಕು 10 ಜಾಸ್ತಿಯಾಗಿ 100 ಆಗ್ತದೆ. 346 ಸಿ.ಸಿ. ಇದ್ದದ್ದು 385ರ ಹತ್ರ ಬರ್ತದೆ. ಪಿಸ್ಟನ್ನು ಮೇಲ್ಗಡೆ 5 ಮಿಲಿಮೀಟರ್ ಜಾಸ್ತಿ ಏರ್ತದೆ. ಅದ್ಕೆ ಬ್ಯಾರಲ್ ಕೆಳಗೆ ಅಷ್ಟು ದಪ್ಪದ ಪ್ಲೇಟು ಕೊಡ್ಬೇಕು, ಇಲ್ಲಾ ಪಿನ್ ತೂತು ಮೇಲಿರೋ ಪಿಸ್ಟನ್ ಹಾಕ್ಬೇಕು. ಪ್ಲೇಟು ಕೊಟ್ರೆ ವಾಲ್ವ್ ಎತ್ತೋ ಕಡ್ಡಿಗಳೂ ಅಷ್ಟೇ ಉದ್ದ ಆಗ್ಬೇಕು. ಒಂದು ಮುಟ್ಟಿದ್ರೆ ನಾಲ್ಕು ಮುಟ್ಟಬೇಕು.

ಇನ್ನು ಓಟ. ನಿಮಿಷಕ್ಕೆ 4000 ಸುತ್ತು ಸುತ್ತುವಾಗ 90ರ ಸ್ಟ್ರೋಕಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12 ಮೀಟರ್. 100ರ ಸ್ಟ್ರೋಕಲ್ಲಿ 13.3 ಮೀಟರ್. ಅದೇ ಸುತ್ತಿಗೇ ಪಿಸ್ಟನ್ನು, ರಿಂಗು, ಬೇರಿಂಗು ಎಲ್ಲ ಜಾಸ್ತಿ ದುಡೀತವೆ. ಅಂದ್ರೆ ಸ್ಟ್ರೋಕು ಉದ್ದ ಮಾಡಿದ ಇಂಜಿನ್ನು ಜೋರಾಗಿ ಸುತ್ತೋಕೆ ಅಲ್ಲ, ನಿಧಾನದಲ್ಲಿ ಬಲವಾಗಿ ಎಳೆಯೋಕೆ. ರೇಸ್ ಕ್ಯಾಮ್ ಮಾಡಿರೋದೋ ಜೋರು ಸುತ್ತಲ್ಲಿ ಉಸಿರಾಡೋಕೆ. ಎತ್ತಿನ ಗಾಡಿಗೆ ಕುದುರೆ ನೊಗ ಕಟ್ಟಿದಂಗೆ. ಇಂಜಿನ್ನು ಆ ಸುತ್ತು ಮುಟ್ಟಲ್ಲ, ಕ್ಯಾಮ್ ಕೆಳಗಿನ ಸುತ್ತಲ್ಲಿ ಕೆಲ್ಸ ಮಾಡಲ್ಲ. ಎರಡೂ ಕಡೆ ನಷ್ಟ.

ಹಂಗಂತ ಹಳೇ ಕ್ಯಾಮೇ ಇರ್ಲಿ ಅಂತಲೂ ಕಣ್ಮುಚ್ಚಿ ಹೇಳೋಕಾಗಲ್ಲ. ಹೊಟ್ಟೆ ದೊಡ್ಡದಾದ್ರೆ ಗಾಳಿ ಜಾಸ್ತಿ ಬೇಕು. ಅದೇ ಕ್ಯಾಮ್ ದೊಡ್ಡ ಇಂಜಿನ್ನಲ್ಲಿ ಸಣ್ಣ ಕ್ಯಾಮಿನ ಹಂಗೆ ನಡ್ಕತದೆ, ಎಳೆತ ಎಲ್ಲ ಇನ್ನೂ ಕೆಳಗಿನ ಸುತ್ತಿಗೆ ಇಳೀತದೆ. ಅದ್ಕೆ ಹಳೇದಕ್ಕಿಂತ ಒಂದೇ ಮೆಟ್ಲು ಮೇಲಿರೋದು, ಲಿಫ್ಟ್ ವಸಿ ಜಾಸ್ತಿ, ಡಿಗ್ರಿ ಅಷ್ಟೇನೂ ಜಾಸ್ತಿ ಇಲ್ಲದ್ದು ಒಪ್ತದೆ. ಒತ್ತಡದ ಲೆಕ್ಕವೂ ಸೇರ್ತದೆ. ಪಿಸ್ಟನ್ ಮೇಲೇರಿದಾಗ ಉಳಿಯೋ ಜಾಗ 50 ಸಿ.ಸಿ. ಅಂದ್ಕಳಿ. 346ಕ್ಕೆ ಸುಮಾರು 7.9 ಪಟ್ಟು ಒತ್ತತದೆ, 385ಕ್ಕೆ 8.7 ಪಟ್ಟು. ಒಳ ಬಾಗ್ಲು ಬೇಗ ಮುಚ್ಚೋ ಕ್ಯಾಮ್ ಹಾಕಿದ್ರೆ ಈ ಒತ್ತಡ ಪೂರ್ತಿ ನಿಲ್ತದೆ, ಆದ್ರೆ ಬಿಸಿಲಲ್ಲಿ ಏರು ಹತ್ತುವಾಗ ಟಿಣ್ ಟಿಣ್ ಅಂತ ಬಡಿಯೋ ಭಯ. ತಡ ಮಾಡಿ ಮುಚ್ಚಿದ್ರೆ ಒತ್ತಿದ್ದು ವಾಪಸ್ ಸೋರ್ತದೆ. ಎರಡರ ನಡುವೆ ಹದ ಹಿಡೀಬೇಕು. ಮುದ್ದೆ ಹದದ ಹಂಗೆ ಇದಕ್ಕೂ ಒಂದು ಹದ.

ಆರಿಸಿದ ಕ್ಯಾಮ್ ಹಾಕಿದ್ಮೇಲೆ ಒಂದು ಪರೀಕ್ಷೆ ತಪ್ಪಿಸಬಾರದು. ಬಾಗ್ಲು ಎತ್ತರ ಎದ್ರೆ ಮೇಲೇರೋ ಪಿಸ್ಟನ್ನಿಗೆ ತಗಲ್ಬೋದು. ಪಿಸ್ಟನ್ ತಲೆ ಮೇಲೆ ಮೆತ್ತನೆ ಜೇಡಿ ಹಚ್ಚಿ, ಹೆಡ್ ಕೂರಿಸಿ, ಕೈಲಿ ಮೆಲ್ಲಗೆ ಎರಡು ಸುತ್ತು ಸುತ್ತಿಸಿ ಬಿಚ್ಚಿ ನೋಡ್ತಾರೆ. ಜೇಡಿ ಮೇಲೆ ವಾಲ್ವಿನ ಅಚ್ಚು ಬಿದ್ದಿರ್ತದೆ. ಆ ಅಚ್ಚಿನ ಜಾಗದಲ್ಲಿ ಜೇಡಿ ಎಷ್ಟು ದಪ್ಪ ಉಳಿದದೆ ಅಂತ ಅಳೀತಾರೆ. ತೆಳ್ಳಗಿದ್ರೆ ಆ ಕ್ಯಾಮ್ ಬ್ಯಾಡ. ಸವೆದ ಹಳೇ ಟ್ಯಾಪೆಟ್ ಮೇಲೆ ಹೊಸ ಕ್ಯಾಮ್ ಕೂರಿಸಿದ್ರೆ ಎರಡೂ ಬೇಗ ತಿಂದ್ಕತವೆ, ಟ್ಯಾಪೆಟ್ಟೂ ಹೊಸದೇ ಬೇಕು. ಸ್ಪ್ರಿಂಗ್ ಲೆಕ್ಕವೂ ಕ್ಯಾಮಿಗೆ ತಕ್ಕಂಗೇ ಇರ್ಬೇಕು.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌.ಸಿ.ಯಲ್ಲಿ ಬರೆದಿರೋ ವಿವರ ಕಂಪನಿ ಮಾಡಿದ್ದಕ್ಕಿಂತ ಬೇರೆ ಆಗೋ ಹಂಗೆ ಗಾಡಿಯ ಬದಲಾಯಿಸೋ ಹಂಗಿಲ್ಲ. ಆರ್‌.ಸಿ.ಲಿ ಸಿ.ಸಿ. ಬರೆದಿರ್ತದೆ. ಅದ್ಕೆ ನಮ್ಮ ಓರಗಿತ್ತಿ ಒಂದೇ ಮಾತು ಹೇಳವ್ಳೆ: ಮೊದ್ಲು ಆರ್.ಟಿ.ಓ. ಆಫೀಸಿಗೆ ಹೋಗಿ ಕೇಳ್ಕಂಡು ಬಾ, ಇನ್ಶೂರೆನ್ಸಿನವರ ಕೇಳು, ಅವರು ಒಪ್ದೇ ಇದ್ರೆ ಹಳೇ 90ರ ಕ್ರ್ಯಾಂಕೇ ವಾಪಸ್ ಹಾಕ್ಸು, ನಷ್ಟ ಆದ್ರೆ ಆಗ್ಲಿ. ನಾಳೆ ಏನಾದ್ರೂ ಆದ್ರೆ ಶುಂಠಿ ದುಡ್ಡಲ್ಲಿ ಮುಗಿಯೋ ಮಾತಲ್ಲ ಅಂತ. ಹೈದ ಈಗ ಆ ಕೆಲ್ಸಕ್ಕೇ ಓಡಾಡ್ತಾ ಅವ್ನೆ.

ನಾವು ಕೇಳ್ಬೇಕಾದ್ದು

ಗಾಡಿ ಓಡೋದೆಲ್ಲಿ ಅನ್ನೋದೇ ಮೊದ್ಲ ಪ್ರಶ್ನೆ. ಹ್ಯಾಂಡ್‌ಪೋಸ್ಟಿಂದ ಮೈಸೂರಿಗೆ ಇಬ್ಬರು ಕೂತ್ಕಂಡು ಹೋಗೋದು, ಸರಗೂರು ಸಂತೆಗೆ ಮೂಟೆ ಕಟ್ಕಂಡು ಹೋಗೋದು, ಚಿಕ್ಕದೇವಮ್ಮನ ಬೆಟ್ಟ ಹತ್ತೋದು, ಕಾಕನಕೋಟೆ ಕಾಡಲ್ಲಿ ಹಂಪು ಹಂಪಿಗೂ ನಿಧಾನ ಮಾಡೋದು. ಇವೆಲ್ಲ ಕೆಳಗಿನ ಸುತ್ತಿನ ಕೆಲ್ಸ. ಇಲ್ಲಿ ಬೇಕಾದ್ದು ಒಂದೇ ಕಿಕ್ಕಿಗೆ ಹಿಡಿಯೋದು, ಮೆಲ್ಲಗೆ ಹೋಗುವಾಗ ಆಫ್ ಆಗ್ದೆ ಇರೋದು. ಆನೆ ದಾಟೋ ಜಾಗದಲ್ಲಿ ಗಾಡಿ ನಿಂತೋದ್ರೆ ಟಾಪ್ ಸ್ಪೀಡ್ ಎಷ್ಟು ಅಂತ ಯಾರೂ ಕೇಳಲ್ಲ. ಅದ್ಕೆ ನಿಮ್ಮನೆ ಹೈದ ಕ್ಯಾಮಿನ ಡಿಗ್ರಿ ಹೇಳೋಕೆ ಬಂದ್ರೆ, ಎಷ್ಟು ಸುತ್ತಿಂದ ಎಷ್ಟು ಸುತ್ತಿನ ತನಕ ಎಳೀತದೆ ಅಂತ ಕೇಳಿ. ಕೆಳಗಿನ ಸಂಖ್ಯೆ ಎಷ್ಟು ಅನ್ನೋದ ಮುಖ್ಯವಾಗಿ ಕೇಳಿ. ಹೇಳೋಕಾಗ್ದೆ ಹೋದ್ರೆ ದುಡ್ಡಿನ ಡಬ್ಬಿ ಮುಚ್ಚಿಡಿ.

ಕಡೇಗೊಂದು ಸಂಗತಿ. 2018ರಲ್ಲಿ ಜಾವಾ ಹೆಸ್ರು ತಿರುಗಿ ಬಂತು, 2022ರಲ್ಲಿ ಎಜ್ಡಿಯೂ ಬಂತು. ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯೂ ಆ ಕೆಲ್ಸದಲ್ಲಿ ಪಾಲುದಾರರು. ಆದ್ರೆ ಗಾಡಿ ಈಗ ತಯಾರಾಗೋದು ಮೈಸೂರಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಇಂಜಿನ್ನೂ ಎರಡು ಹೆಜ್ಜೇದಲ್ಲ, ನಾಲ್ಕು ಹೆಜ್ಜೇದು. ಒಂದು ಕ್ಯಾಮೂ ಇಲ್ದಿದ್ದ ಜಾವಾಗೆ ಈಗ ತಲೆ ಮೇಲೆ ಎರಡು ಕ್ಯಾಮ್‌ಶಾಫ್ಟ್. ಹಳೇ ಮೈಸೂರು ಜಾವಾಗಳು ಮಾತ್ರ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನಕ್ಕೆ ಮೈಸೂರಲ್ಲಿ ಇವತ್ತಿಗೂ ಸೇರ್ತವೆ. ಆ ದಿನ ಮೈಸೂರಿಗೆ ಹೋದ್ರೆ ಕಣ್ಮುಚ್ಕಂಡು ನಿಂತು ಕೇಳಿ. ಗೋಡೆ ಕಿಂಡೀಲಿ ಉಸಿರಾಡೋ ಗಾಡಿ ಯಾವ್ದು, ಬಾಗಿಲಲ್ಲಿ ಉಸಿರಾಡೋ ಗಾಡಿ ಯಾವ್ದು ಅಂತ ಈಗ ನೀವೇ ಹೇಳ್ತೀರಿ.